ಬುಧವಾರದ ಮಣ್ಣು

ಹನ್ನೊಂದು ವಾರ ಕಾಯಬೇಕು, ಎಂದಿತ್ತು ಪತ್ರ.
ಅದಕ್ಕೂ ಮೊದಲು ಒಂದು ಫಾರ್ಮು:
ಕಳೆದ ಎರಡು ವಾರದಲ್ಲಿ ಎಷ್ಟು ದಿನ
ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ?
ನಾಲ್ಕು ಚೌಕ. ನಾಲ್ಕನೆಯದಕ್ಕೆ ಟಿಕ್ ಹಾಕಿದೆ,
ಅಳಿಸಿ ಮೂರನೆಯದಕ್ಕೆ ಹಾಕಿದೆ.
ಅದರಲ್ಲೂ ಮರ್ಯಾದೆ ನೋಡಿ.

ಸ್ಟೋಕ್ ಊರಿನಲ್ಲಿ ನವೆಂಬರ್ ಎಂದರೆ
ನಾಲ್ಕಕ್ಕೆಲ್ಲ ಬೀದಿದೀಪ. ಕಾಲುವೆಗೆ
ತೊಳೆಯದೆ ಬಿಟ್ಟ ಹಂಡೆಯ ತಳದ ಬಣ್ಣ.
ಒಂದು ಕಾಲಕ್ಕೆ ಲೋಕಕ್ಕೆಲ್ಲ ಕಪ್ಪು-ಬಸಿ ಕಳಿಸಿದ ಊರು;
ಈಗ ಹೊಟ್ಟೆ ಉಬ್ಬಿದ ಇಟ್ಟಿಗೆಯ ಆವಿಗೆಗಳು
ಬೆಂಕಿ ಮರೆತು ನಿಂತಿವೆ,
ನೆತ್ತಿಯಲ್ಲಿ ಗಿಡ ಚಿಗುರಿಸಿಕೊಂಡು.

ಕಾಲೇಜಿನ ನೆಲಮಾಳಿಗೆಯಲ್ಲಿ ಬುಧವಾರ ಸಂಜೆ
ಮಣ್ಣಿನ ಕೋಣೆ ತೆರೆದಿರುತ್ತದೆ, ಯಾರು ಬೇಕಾದರೂ ಬರಬಹುದು.
ನಾನು ಓದುವುದು ಕಾನೂನು. ಮಣ್ಣಿಗೂ ನನಗೂ
ಆಸ್ತಿ ಕಾಯಿದೆಯ ಪುಟದಷ್ಟೇ ನಂಟು.
ಹೋದದ್ದು, ಅಲ್ಲಿ ಹೀಟರ್ ಇದೆಯೆಂದು.

ಅಲ್ಲಿ ಮೊರೀನ್. ಹದಿನಾರಕ್ಕೇ ಕಾರ್ಖಾನೆ ಸೇರಿ
ಕಪ್ಪುಗಳಿಗೆ ಕಿವಿ ಅಂಟಿಸಿದ ಕೈ.
ದಿನಕ್ಕೆಷ್ಟು ಕಿವಿ ಎಂದರೆ, ಲೆಕ್ಕ ಕೇಳಬೇಡ ಡಕ್, ಅನ್ನುತ್ತಾಳೆ.
ಈ ಊರಲ್ಲಿ ಎಲ್ಲರೂ ಡಕ್. ಪ್ರೊಫೆಸರೂ ಬಾತುಕೋಳಿ,
ಬಸ್ಸಿನ ಡ್ರೈವರೂ ಬಾತುಕೋಳಿ, ನಾನೂ.
ಆ ತಿಂಗಳಲ್ಲಿ ಯಾರಾದರೂ ನನ್ನನ್ನು
ಏನಾದರೂ ಎಂದು ಕರೆದದ್ದು ಅದೇ ಮೊದಲು.

ಏನಾಗಿದೆ ಎಂದು ಕೇಳಲಿಲ್ಲ.
ತೆಂಗಿನಕಾಯಿ ಗಾತ್ರದ ಮುದ್ದೆ ಕೈಗಿಟ್ಟು
ಹಲಗೆಗೆ ಹೊಡಿ, ಎಂದಳು. ಹೊಡೆದೆ.

ಪಕ್ಕದಲ್ಲಿ ನರ್ಸಿಂಗ್ ಓದುವ ಇಕೆನ್ನಾ,
ವಾರ್ಡಿನಿಂದ ನೇರ ಬಂದವನು, ಬರೀ ಮುಚ್ಚಳ ಮಾಡುತ್ತಾನೆ.
ಪಾತ್ರೆಯಿಲ್ಲದ ಮುಚ್ಚಳಗಳು. ಹನ್ನೆರಡಾಗಿವೆ.
ಯಾಕೆಂದು ಯಾರೂ ಕೇಳಿಲ್ಲ.
ಒಂದನ್ನು ನನಗೆ ಕೊಟ್ಟ; ಬೋರಲು ಹಾಕಿ
ಅದರಲ್ಲಿ ಬೀಗದ ಕೈ ಇಡುತ್ತೇನೆ.

ತಿಗರಿ ತಿರುಗಿತು. ಮಣ್ಣು ಅತ್ತ ಇತ್ತ
ಕುಡಿದವನ ಹಾಗೆ ತೂರಾಡಿತು.
ಬಿಗಿಹಿಡಿದಷ್ಟೂ ಜಾರಿತು.
ಮೊಣಕೈ ತೊಡೆಗೆ ಊರು, ಉಸಿರು ಬಿಡು, ಎಂದಳು.
ಉಸಿರು ಹಿಡಿದಿದ್ದೆನೆಂದು ಗೊತ್ತಾದದ್ದೇ ಆಗ.
ಸೆಪ್ಟೆಂಬರಿನಿಂದ ಇರಬೇಕು.

ಐದನೆಯ ಬುಧವಾರ ಬಟ್ಟಲೊಂದು ಎದ್ದು ನಿಂತಿತು.
ತುಸು ಸೊಟ್ಟ. ಆದರೂ ನಿಂತಿತು.
ಮೊರೀನ್ ಬಂದಳು, ತಂತಿ ಎಳೆದು
ನಡುವೆ ಸೀಳಿಬಿಟ್ಟಳು.
ಅಯ್ಯೋ, ಅಂದೆ, ಕನ್ನಡದಲ್ಲೇ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ;
ಇಲ್ಲಿ ದೊಣ್ಣೆಯೂ ಕುಂಬಾರಗಿತ್ತಿಯ ಕೈಯಲ್ಲೇ.

ನೋಡು ಡಕ್, ಎಂದಳು, ಬಾಯಿ ಎಷ್ಟು ತೆಳು.
ಕಾಣುವ ಕಡೆಯೆಲ್ಲ ಚೆಂದ ಎಳೆದಿದ್ದೀಯ.
ಅಡಿ ನೋಡು. ಎರಡು ಬೆರಳು ದಪ್ಪ.
ಭಾರ ಅಷ್ಟೂ ಇಲ್ಲಿ ಕೂತಿದೆ, ಒಲೆಗೆ ಹೋದರೆ
ಇಲ್ಲಿಂದಲೇ ಬಿರುಕು.
ಅವಳು ಬಟ್ಟಲಿನ ಮಾತೇ ಆಡುತ್ತಿದ್ದಳು.
ನಾನು ನಲ್ಲಿಯ ಕಡೆ ತಿರುಗಿ ಕೈ ತೊಳೆದೆ,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಎರಡೂ ಹೋಳು ಬಕೆಟ್ಟಿಗೆ ಬಿದ್ದವು.
ಅದರಲ್ಲಿ ಎಲ್ಲರ ಮುರುಕೂ ಒಟ್ಟಿಗೆ ನೆನೆಯುತ್ತದೆ;
ಯಾವುದು ಯಾರದೆಂದು ಹೇಳಲಾಗದು.
ತಿಂಗಳು ಬಿಟ್ಟರೆ ಮತ್ತೆ ಮಣ್ಣು.
ಬೇಯಿಸಲು ಅವಸರ ಮಾಡಬೇಡ, ಬೆಂದರೆ ಮಾತ್ರ
ಹಿಂದಕ್ಕೆ ದಾರಿಯಿಲ್ಲ, ಎಂದಳು ಮೊರೀನ್,
ಟೀ ಹೀರುತ್ತ, ಮೊದಲೇ ಬಿರುಕುಬಿಟ್ಟ ಮಗ್ಗಿನಲ್ಲಿ.

ಗುಣವಾಯಿತೆಂದು ಬರೆಯಲಾರೆ.
ಗುರುವಾರಗಳು ಹಾಗೇ ಇದ್ದವು: ಹೊದಿಕೆಯೊಳಗೇ ಮಧ್ಯಾಹ್ನ,
ತೆರೆಯದ ಮೇಲ್‌ಗಳು, ಅಕ್ಕನ ಫೋನಿಗೆ
ಚೆನ್ನಾಗಿದೀನಿ ಎಂಬ ಒಂದೇ ರಾಗ.
ಆದರೆ ವಾರದ ನಡುವೆ ಒಂದು ಗೂಟ ನೆಟ್ಟ ಹಾಗಾಗಿತ್ತು,
ಹಗ್ಗ ಎಷ್ಟೇ ಉದ್ದವಿದ್ದರೂ.

ಹನ್ನೊಂದಲ್ಲ, ಹದಿಮೂರನೆಯ ವಾರ ಕರೆ ಬಂತು.
ಪುಟ್ಟ ಕೋಣೆ, ಟಿಶ್ಯೂ ಡಬ್ಬಿ, ಪ್ಲಾಸ್ಟಿಕ್ಕಿನ ಗಿಡ.
ಉಗುರಿನಡಿ ಒಣಗಿದ ಮಣ್ಣನ್ನು ಕೆರೆಯುತ್ತ ಕೂತೆ.
ಎಲ್ಲಿಂದ ಶುರು ಮಾಡೋಣ, ಕೇಳಿದರು ಆಕೆ.

ಅಡಿಯಿಂದ, ಅಂದೆ.